ಅವ್ವ ಒಂದು ದಿನವನ್ನು ಬಿಚ್ಚಿ ಹೊಲಿದದ್ದು

ಧಾರಾವಾಹಿ ನೋಡುವುದಿಲ್ಲ ಎಂದು ಎದೆ ತಟ್ಟಿ ಹೇಳುವ ಗಂಡಸರ ಪೈಕಿ ನಾನೂ ಒಬ್ಬ. ನಮ್ಮನ್ನು ಗುರುತಿಸುವುದು ಸುಲಭ. ಸಂಜೆ ಸರಿಯಾಗಿ ಏಳೂವರೆಗೆ ನಮಗೆ ಪಡಸಾಲೆಯಲ್ಲೇ ಏನಾದರೊಂದು ಕೆಲಸ ನೆನಪಾಗುತ್ತದೆ. ನಾನು ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡು ಟೀವಿಯ ಎದುರಿಗೇ ಕೂಡುತ್ತೇನೆ, ಅಲ್ಲಿ ಬೆಳಕು ಚೆನ್ನಾಗಿದೆ ಎಂಬ ನೆಪದಿಂದ. ಎಂಟು ಗಂಟೆಗೆ ಎದ್ದಾಗ ಕಟ್ಟಿನ ದಾರ ಬಿಚ್ಚಿಯೇ ಇರುವುದಿಲ್ಲ. ಹೆಂಡತಿ ಸುಮಿತ್ರಾ ಇದನ್ನು ಬಹಳ ವರ್ಷಗಳಿಂದ ಬಲ್ಲಳು. ಬಲ್ಲೆನೆಂದು ಹೇಳದೆ ಇರುವುದು ಆಕೆಯ ದೊಡ್ಡತನ.

ಹಾನಗಲ್ಲಿನ ನಮ್ಮ ಓಣಿಯಲ್ಲಿ ಹೋದ ವರ್ಷ ಒಂದು ಹೊಸ ಧಾರಾವಾಹಿ ಶುರುವಾಯಿತು. ಅದರ ನಾಯಕಿ ಬೆಳಿಗ್ಗೆ ಆರಕ್ಕೆ ಏಳುತ್ತಾಳೆ, ಒಲೆಯ ಮೇಲೆ ಹಾಲು ಉಕ್ಕುತ್ತದೆ, ಅವಳು ಹಸಿರು ಸೀರೆ ಉಡುತ್ತಾಳೆ. ಅಂದು ಅವಳ ಅಣ್ಣನ ಮದುವೆ. ಸಂಜೆ ಯಾವುದೋ ಸಿಟ್ಟಿನಲ್ಲಿ ಅವಳು ತಂದೆಗೆ ಒಂದು ಮಾತು ಅಂದುಬಿಡುತ್ತಾಳೆ, ತಂದೆ ಮನೆ ಬಿಟ್ಟು ಹೋಗುತ್ತಾನೆ. ಅತ್ತತ್ತು ಮಲಗಿ ಎದ್ದರೆ ಮತ್ತೆ ಬೆಳಿಗ್ಗೆ ಆರು ಗಂಟೆ, ಮತ್ತೆ ಹಾಲು ಉಕ್ಕುತ್ತದೆ, ಮತ್ತೆ ಅದೇ ಮದುವೆಯ ದಿನ. ಬೇರೆ ಯಾರಿಗೂ ಏನೂ ನೆನಪಿಲ್ಲ, ಅವಳೊಬ್ಬಳಿಗೆ ಎಲ್ಲವೂ ನೆನಪಿದೆ. ಆ ಒಂದು ಮಾತನ್ನು ತಡೆದುಕೊಳ್ಳುವವರೆಗೆ ನಾಳೆ ಎಂಬುದು ಅವಳಿಗಿಲ್ಲ.

ಎರಡನೆಯ ಸಲ ಹಾಲು ಉಕ್ಕಿದ ದಿನ ನಮ್ಮವ್ವ ಸಿಟ್ಟಿಗೆದ್ದಳು. "ಬಸೂ, ಕೇಬಲ್ಲಿನವಗ ಫೋನ್ ಹಚ್ಚು. ನಿನ್ನಿದ ತಂಗಳಾ ಹಾಕ್ಯಾನ." ನಾನು ಹಚ್ಚಿದೆ. ಆ ಮನುಷ್ಯ ದಣಿದ ದನಿಯಲ್ಲಿ, "ಸರ, ನಿಮ್ಮ ಓಣ್ಯಾಗಿಂದ ಇದು ಏಳನೇ ಫೋನ್ರಿ. ಕಥೀನ ಹಂಗೈತಂತರಿ. ನಮ್ಮದೇನೂ ತಪ್ಪಿಲ್ರಿ" ಎಂದು ಇಟ್ಟುಬಿಟ್ಟ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗ ಮನೆಯಲ್ಲಿರುವಾಗ ಅವ್ವನಿಗೆ ಅರ್ಥವಾಗದೆ ಉಳಿಯಬಹುದೆ? ನಾನು ಒಂದು ಉತ್ತರಪತ್ರಿಕೆಯ ಹಿಂಬದಿಗೆ ವೃತ್ತ ಬರೆದು, ಕಾಲ ಎಂದರೆ ಏನು, ಅದು ನೇರವಾಗಿ ಹೋಗುವುದನ್ನು ಬಿಟ್ಟು ಹೀಗೆ ತಿರುಗಿದರೆ ಏನಾಗುತ್ತದೆ ಎಂದು ಕಾಲು ಗಂಟೆ ವಿವರಿಸಿದೆ. ಅವ್ವ ತಲೆದೂಗಿದಳು. "ತಿಳೀತು. ಗಾಣದ ಎತ್ತು ತಿರುಗಿಧಂಗ." ನನಗೆ ಸಂತೋಷವಾಯಿತು. "ಹೌದವ್ವಾ, ಹಂಗ." ಅವ್ವ ಆ ವೃತ್ತದ ಮೇಲೆ ಬೆರಳಾಡಿಸಿ, "ಆದ್ರ ಎತ್ತಿಗೆ ತಿರುಗಾಕತ್ತೇನಿ ಅನ್ನೂದು ಗೊತ್ತಿರಂಗಿಲ್ಲ. ಈ ಹುಡುಗಿಗೆ ಗೊತ್ತೈತಿ. ಹಂಗಿದ್ರ ಎತ್ತು ಹೆಂಗಾತು?" ಎಂದಳು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಇಂಥ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿಲ್ಲ. ನಾನು ವೃತ್ತವನ್ನು ಅಳಿಸಿದೆ.

ಹೇಳಬೇಕೆಂದರೆ ತಿರುಗುವ ಎತ್ತು ನಾನೇ. ಎಂಟನೆಯ ಇಯತ್ತೆಗೆ ಘರ್ಷಣೆಯ ಪಾಠ ಮಾಡುವಾಗ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿದ ಸಾಹೇಬರ ಹಾಸ್ಯವೊಂದನ್ನು ಪ್ರತಿ ವರ್ಷ ಹೇಳುತ್ತ ಬಂದಿದ್ದೇನೆ. ಈ ವರ್ಷ ಒಬ್ಬ ಹುಡುಗಿ ನಗದೆ ಕುಳಿತಿದ್ದಳು. ಯಾಕೆಂದು ಕೇಳಿದರೆ, "ಸರ, ಇದನ್ನ ನಮ್ಮಪ್ಪ ಹೇಳ್ಯಾನ್ರಿ. ಅವಗೂ ನೀವ ಹೇಳಿದ್ರಂತರಿ" ಎಂದಳು.

ಅವ್ವನಿಗೆ ಕೊನೆಗೆ ತಿಳಿಸಿ ಹೇಳಿದವಳು ಪಕ್ಕದ ಮನೆಯ ಮಮತಾಜಬಿ. ಸವಣೂರಿನಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದವಳು, ಹೊಲಿಗೆ ಮಾಡುತ್ತಾಳೆ. ಕೈಹೊಲಿಗೆಯ ಕೆಲಸವನ್ನು ಚೀಲದಲ್ಲಿ ಹಾಕಿಕೊಂಡು ಏಳೂವರೆಗೆ ನಮ್ಮಲ್ಲಿಗೆ ಬರುತ್ತಾಳೆ. ಅಂದು ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಅವ್ವಾರ, ಜಂಪರು ಬಗಲಾಗ ಬಿಗಿ ಆತಂದ್ರ ಏನ್ ಮಾಡ್ತೇವ್ರಿ? ಬಿಚ್ಚಿ ಮತ್ತ ಹೊಲೀತೇವಿ. ಅಕಿಗೂ ಹಂಗ ದೇವರು ದಿನಾ ಬಿಚ್ಚಿ ಕೊಡಾಕತ್ತಾನ, ಸರಿಯಾಗಿ ಹೊಲಿ ಅಂತ. ಅಕಿ ಮತ್ತ ಅಲ್ಲೇ ಬಿಗಿ ಹೊಲ್ಯಾಕತ್ತಾಳ."

ಮರುದಿನ ನಾನು ಶಾಲೆಗೆ ಹೊರಟಾಗ ಅವ್ವ ಬಾಗಿಲಲ್ಲಿ ತಡೆದು, "ಗುರುವಾರ ರಜಾ ಹಾಕು. ಹಂಸಭಾವಿಗೆ ಹೋಗೂಣು" ಎಂದಳು.

ನಾನು ಅಲ್ಲೇ ನಿಂತುಬಿಟ್ಟೆ. ಹಂಸಭಾವಿಯಲ್ಲಿ ಅವ್ವನ ಒಬ್ಬಳೇ ತಂಗಿ, ನಮ್ಮ ನಿಂಗವ್ವ ಚಿಗವ್ವ, ಇದ್ದಾಳೆ. ನಾಲ್ಕು ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ. ಚಿಗವ್ವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹೋಳಿಗೆ ಊಟಕ್ಕೆ ಕುಳಿತಾಗ, ಬೀಗರ ಪಂಕ್ತಿಯ ಎದುರಿಗೇ ಅವ್ವ, "ಕಟ್ಟಿನ ಸಾರಿಗೆ ಉಪ್ಪ ಇಲ್ಲ. ಇಕಿ ಕೈಯಾಗ ಮೊದಲಿಂದೂ ಉಪ್ಪ ನಿಲ್ಲಂಗಿಲ್ಲ" ಎಂದಿದ್ದಳು. ಚಿಗವ್ವ ಸೌಟು ಹಿಡಿದುಕೊಂಡೇ, "ಉಪ್ಪ ಬೇಕಾಗಿದ್ರ ನಿಮ್ಮ ಮನ್ಯಾಗ ಹೋಗಿ ತಿನ್ನು" ಎಂದಳು. ಅವ್ವ ಅರ್ಧ ಊಟಕ್ಕೆ ಕೈ ತೊಳೆದು ಎದ್ದಳು. ಹಿಂದೆ ನಾನೂ ಎದ್ದೆ. ಎಲೆಯಲ್ಲಿ ಒಂದೂವರೆ ಹೋಳಿಗೆ ಉಳಿದಿತ್ತು. ಅಕ್ಕತಂಗಿಯರ ಜಗಳಕ್ಕಿಂತ ಆ ಒಂದೂವರೆ ಹೋಳಿಗೆಯೇ ನನ್ನನ್ನು ಹೆಚ್ಚು ಕಾಡಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ಆಮೇಲೆ ರಾಜಿ ಮಾಡಿಸಲು ಎಷ್ಟೋ ಮಂದಿ ಹೋಗಿ ಬಂದರು. ಇಬ್ಬರದೂ ಒಂದೇ ಉತ್ತರ: "ಮೊದಲ ಅಕಿ ಬರ್ಲಿ."

ಈಗ ಅವ್ವ ಆ ದಿನವನ್ನು ಬಿಚ್ಚಿ ಹೊಲಿಯಲು ಹೊರಟಿದ್ದಳು. ಅವಳ ಕರಾರು ಒಂದೇ, ಎಲ್ಲವೂ ಅವತ್ತಿನ ಹಾಗೇ ಇರಬೇಕು. ಅವತ್ತು ಗುರುವಾರ, ಇಂದೂ ಗುರುವಾರ. ಪೆಟ್ಟಿಗೆಯ ತಳದಿಂದ ಅವತ್ತಿನ ನೇರಳೆ ಬಣ್ಣದ ಇಳಕಲ್ ಸೀರೆ ಹೊರಬಂತು. ಫೋನು ಮಾಡಿ ತಿಳಿಸುತ್ತೇನೆಂದರೆ, "ಆ ಹುಡುಗಿ ಫೋನ್ ಮಾಡಿ ಏಳತಾಳೇನು?" ಎಂದು ಬೈದಳು. ನಾನೂ ಅವತ್ತಿನ ಗೆರೆ ಅಂಗಿಯನ್ನೇ ತೊಡಬೇಕಾಯಿತು. ನಾಲ್ಕು ವರ್ಷಗಳಲ್ಲಿ ಅಂಗಿ ಅಷ್ಟೇ ಇತ್ತು, ನಾನು ಮಾತ್ರ ಇರಲಿಲ್ಲ. ಸುಮಿತ್ರಾ ಎದುರಿಗೆ ನಿಂತು, "ಉಸಿರು ಒಳಗ ಹಿಡೀರಿ" ಎಂದು ಗುಂಡಿ ಹಾಕಿದಳು. ಹಿರೇಕೆರೂರಿನಲ್ಲಿ ಬಸ್ಸು ಬದಲಿಸುವಾಗಲೂ ಹಿಡಿದೇ ಇದ್ದೆ.

ನಾವು ಹೋದಾಗ ಚಿಗವ್ವ ಕಟ್ಟೆಯ ಮೇಲೆ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತಿ ನೋಡಿದಳು. ಕೈ ನಿಂತಿತು. ಅವ್ವ ಅಂಗಳದಲ್ಲೇ ನಿಂತು, ಅವತ್ತು ಬಂದೊಡನೆ ಕೇಳಿದ್ದನ್ನೇ ಮತ್ತೆ ಕೇಳಿದಳು: "ಕೂಸು ಎಲ್ಲೈತಿ? ತೋರಸು."

"ಕೂಸು ಅಂಗನವಾಡಿಗೆ ಹೋಗೇತಿ" ಎಂದಳು ಚಿಗವ್ವ.

ಅವ್ವನ ಮುಖ ಸಣ್ಣದಾಯಿತು. ಸೀರೆ, ಅಂಗಿ, ವಾರ ಎಲ್ಲವನ್ನೂ ಸರಿಹೊಂದಿಸಿದ್ದಳು, ಕೂಸು ಬೆಳೆದಿರುತ್ತದೆ ಎಂಬುದೊಂದು ಮಾತ್ರ ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಅದು ಹೊಟ್ಟೆಯ ಮೇಲೆ ತೆವಳಿದ್ದನ್ನು, ಮೊದಲ ಹೆಜ್ಜೆ ಇಟ್ಟಿದ್ದನ್ನು ಅವ್ವ ನೋಡಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಅಷ್ಟರಲ್ಲಿ ಚಿಗವ್ವನ ಕಣ್ಣು ಆ ಸೆರಗಿನ ಮೇಲೆ ಬಿತ್ತು. "ಇದು ಅವತ್ತಿನ ಸೀರಿ ಅಲ್ಲಾ?" ಎಂದಳು. ಆಮೇಲೆ ನನ್ನನ್ನು ನೋಡಿದಳು. "ಇವನ ಅಂಗೀನೂ ಅದ ಐತಲ್ಲ." ಮೆಣಸಿನಕಾಯಿಯ ಮೊರ ಸರಿಸಿ ಎದ್ದಳು. "ಅಕ್ಕಾ, ನೀನೂ ಆ ಹಸರ ಸೀರಿ ಹುಡುಗೀನ್ನ ನೋಡ್ತಿಯೇನ?"

ಅವ್ವ ಗೋಣು ಹಾಕಿದಳು. ಚಿಗವ್ವ ಮತ್ತೇನೂ ಕೇಳದೆ ಒಳಗೆ ಹೋಗಿ ಕಡಲೆಬೇಳೆ ಒಲೆಗೆ ಹಾಕಿದಳು.

ಮುಂದಿನ ಎರಡು ಗಂಟೆ ಆ ಮನೆಯಲ್ಲಿ ಹೂರಣ ರುಬ್ಬುವ ಸಪ್ಪಳ ನಡೆದೇ ಇತ್ತು. ನಮ್ಮನ್ನು ಅವತ್ತಿನ ಜಾಗದಲ್ಲೇ ಕೂಡಿಸಿದಳು. ಹೋಳಿಗೆ ಬಂತು, ಕಟ್ಟಿನ ಸಾರು ಬಂತು, ಚಿಗವ್ವ ತಾನೂ ಬಡಿಸಿಕೊಂಡು ಎದುರಿಗೆ ಕುಳಿತಳು. ನಾನು ಮೊದಲು ಬಾಯಿಗಿಟ್ಟೆ. ಒಂದು ಹರಳು ಉಪ್ಪಿಲ್ಲ. ಅವ್ವ ಒಂದು ತುತ್ತು ನುಂಗಿ, ಕಣ್ಣು ಮುಚ್ಚಿ, ನಾಲ್ಕು ವರ್ಷಗಳ ಮಾತನ್ನು ಹೊರತೆಗೆದಳು: "ಸಾರು ಭಾಳ ಚೊಲೊ ಆಗೇತಿ, ನಿಂಗವ್ವ."

"ಸುಳ್ಳ!" ಎಂದಳು ಚಿಗವ್ವ. "ಉಪ್ಪ ಹಾಕಿಲ್ಲ. ಬೇಕಂತ ಹಾಕಿಲ್ಲ. ಏನಂತಿ ನೋಡೂಣಂತ."

ಅವ್ವನ ಮುಖ ಕೆಂಪಾಯಿತು. "ನನಗ ಪರೀಕ್ಷಾ ಮಾಡತಿಯೇನ ನೀ?" ಕೈ ತೊಳೆಯಲು ತಂಬಿಗೆಯ ಕಡೆ ಚಾಚಿದಳು. ಎಲ್ಲವೂ ಮತ್ತೆ ಅಲ್ಲೇ ಬಿಗಿಯಾಗುತ್ತಿತ್ತು. ಗಾಬರಿಯಿಂದ ಅವಳ ಕೈ ಹಿಡಿಯಲು ನಾನು ಬಗ್ಗಿದೆ, ಅದುವರೆಗೆ ಹಿಡಿದಿದ್ದ ಉಸಿರು ತಪ್ಪಿತು. ಅಂಗಿಯ ಗುಂಡಿ ಟಪ್ಪನೆ ಹಾರಿ ಸಾರಿನ ಬಟ್ಟಲಿಗೆ ಬಿತ್ತು.

ಮೂವರೂ ಬಟ್ಟಲನ್ನು ನೋಡಿದೆವು. "ಹೋಗ್ಲಿ, ಉಪ್ಪಿಲ್ಲಂದ್ರ ಗುಂಡಿಯಾರ ಬಿತ್ತಲ್ಲ" ಎಂದಳು ಚಿಗವ್ವ. ಅವ್ವನ ಮೂಗಿನಿಂದ ಒಂದು ಸದ್ದು ಬಂತು. ನಗುವೋ ಅಳುವೋ ತಿಳಿಯಲಿಲ್ಲ. ಆಮೇಲೆ ಇಬ್ಬರೂ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕ ನಗು ಹಿತ್ತಲಿನ ಎಮ್ಮೆಯನ್ನೂ ಎಬ್ಬಿಸಿತು.

ನಗು ನಿಂತ ಮೇಲೆ ಚಿಗವ್ವ ಕಣ್ಣೊರೆಸಿಕೊಂಡು ಹೇಳಿದಳು: "ಅವತ್ತೂ ಮರತಿದ್ನೆಕ್ಕಾ. ನೀ ಹೇಳಿದ್ದು ಖರೇನ ಇತ್ತು. ಆದ್ರ ಬೀಗರ ಮುಂದ..."

"ಬೀಗರ ಮುಂದ ಅನಬಾರದಿತ್ತು ನಾನು" ಎಂದಳು ಅವ್ವ. ಎದ್ದು, ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ, ಉಪ್ಪಿನ ಭರಣಿ ಇರುವ ಗೂಡಿಗೆ ನೇರವಾಗಿ ಕೈ ಹಾಕಿ ತಂದು, ಮೊದಲು ತಂಗಿಯ ಬಟ್ಟಲಿಗೆ ಚಿಟಿಕೆ ಹಾಕಿದಳು. ನಾನು ಯಾವ ಗಡಿಬಿಡಿಯೂ ಇಲ್ಲದೆ ಐದು ಹೋಳಿಗೆ ತಿಂದೆ. ಗುಂಡಿ ಹೋದ ಅಂಗಿಯಲ್ಲಿ ಜಾಗ ಸಾಕಷ್ಟಿತ್ತು.

ಸಂಜೆ ಅಂಗನವಾಡಿಯ ಕೂಸನ್ನು ನಡುವೆ ಕೂಡಿಸಿಕೊಂಡು ಅಕ್ಕತಂಗಿಯರು ಒಂದೇ ಮಂಚದ ಮೇಲೆ ಕುಳಿತು ಧಾರಾವಾಹಿ ನೋಡಿದರು. ಹಸಿರು ಸೀರೆಯ ಹುಡುಗಿ ತಂದೆಯ ಎದುರಿಗೆ ನಿಂತಾಗ ಚಿಗವ್ವ, "ಬ್ಯಾಡವಾ, ಬಾಯಿ ಮುಚ್ಚಕೋ" ಎಂದು ಕೂಗಿದಳು. ಹುಡುಗಿ ಅಂದೇಬಿಟ್ಟಳು. ಮತ್ತೆ ಹಾಲು ಉಕ್ಕಿತು. "ಪಾಪ" ಎಂದಳು ಅವ್ವ, "ಅಕಿಗೆ ತಂಗಿ ಇಲ್ಲ. ಅದಕ್ಕ ಇಷ್ಟ ದಿನ ಹಿಡ್ಯಾಕತ್ತೈತಿ."

ಅವ್ವ ಎಂಟು ದಿನ ಅಲ್ಲೇ ಉಳಿದಳು. ನಾನು ಮರುದಿನ ಒಬ್ಬನೇ ಹಾನಗಲ್ಲಿಗೆ ಬಂದೆ. ಸುಮಿತ್ರಾಳಿಗೆ ಎಲ್ಲವನ್ನೂ ಹೇಳುತ್ತ ಹೇಳುತ್ತ ನನ್ನ ಮನಸ್ಸು ತುಂಬಿ ಬಂತು. ನಾಟಕದ ದನಿಯಲ್ಲಿ, "ನಾನೂ ನಿನಗ ಎಂದಾರ ಅನಬಾರದ ಮಾತು ಅಂದಿರಬೇಕು. ಯಾವ ದಿನ ಅಂತ ಹೇಳು. ಆ ದಿನಾನ ಮತ್ತ ಮೊದಲಿಂದ ಸರಿ ಮಾಡ್ತೇನಿ" ಎಂದೆ.

ಸುಮಿತ್ರಾ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. ನನ್ನನ್ನೇ ಪ್ರೀತಿಯಿಂದ ನೋಡಿದಳು. "ಖರೇನ ಕೇಳಾಕತ್ತೀರೇನ್ರಿ?" ಎಂದಳು.

"ಖರೇನ."

"ಹಂಗಾದ್ರ ಅಂಗಡಿಗೆ ಹೋಗಿ ಒಂದು ನೋಟ್‌ಬುಕ್ ತರ್ರಿ. ಬರಕೊಳ್ಳಾಕ ಬೇಕಾಗತೈತಿ."

ನಾನು ಉತ್ಸಾಹದಿಂದ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಬಾಗಿಲು ದಾಟುವಾಗ ಒಳಗಿನಿಂದ ಅವಳ ದನಿ ಬಂತು: "ನೂರು ಪುಟದ್ದು ಬ್ಯಾಡ್ರಿ, ಇನ್ನೂರು ಪುಟದ್ದ ತರ್ರಿ."