ಹಸಿರು ಬಟ್ಟೆಯ ಮೇಲಿನ ಕಲೆ

ಕುಶನ್ ಇನ್ನೂ ಹಲ್ಲುಜ್ಜಿರಲಿಲ್ಲ, ಅಷ್ಟರಲ್ಲೇ ಫೋನು ಬಡಿದುಕೊಂಡಿತು. ಆ ಕಡೆಯಿಂದ ಮಾತಾಡಿದವರು ಕ್ಲಬ್ಬಿನ ಕಾರ್ಯದರ್ಶಿ.

"ಏನ್ರೀ ಕುಶನ್, ಪೂಲ್ ಮೇಜಿಗೆ ಹೊಸ ಬಟ್ಟೆ ಹಾಕಿದ್ದು ನೀವೇ ತಾನೆ?"

"ಹೌದು ಸಾರ್, ನಾನೇ."

"ನಿನ್ನೆ ಸಂಜೆ ಅಧ್ಯಕ್ಷರು ಅದರ ಮೇಲೆ ಆಡಿದ್ರು. ಆಡಿ ಮುಗಿಸಿ, ಬಟ್ಟೆ ಮೇಲೆ ಕೈಯಾಡಿಸಿ, 'ಕಲೆ ಇದೆ' ಅಂದ್ರು. 'ಹಾಕಿದವನನ್ನ ನಾಳೆ ಸಂಜೆ ಐದು ಗಂಟೆಗೆ ನನ್ನ ಮುಂದೆ ನಿಲ್ಲಿಸಿ' ಅಂತ ಹೇಳಿ ಹೊರಟುಹೋದ್ರು. ಬೇಗ ಬನ್ನಿ ಮಾರಾಯ್ರೆ."

ಕುಶನ್ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತು ವರ್ಷ ಸೋಫಾ ಮತ್ತು ಕಾರಿನ ಸೀಟಿಗೆ ಹತ್ತಿ ತುಂಬಿ ಸಂಪಾದಿಸಿದ ಹೆಸರು. ಈಗ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಕಂಡವರ ಸೋಫಾದ ಸಂದಿಗೆ ಕೈ ಹಾಕಿ ಬಿಸ್ಕತ್ತಿನ ಚೂರು, ಮುರಿದ ಬಾಚಣಿಗೆ ಹೊರತೆಗೆಯುವುದು ಅವನಿಗೆ ಸಾಕುಬೇಕಾಗಿತ್ತು. ಕೋಲಿನಿಂದ ಚೆಂಡು ತಳ್ಳಿ ಆಡುವ ಪೂಲ್ ಮೇಜಿಗೆ ಬಟ್ಟೆ ಬಿಗಿಯುವ ವಿದ್ಯೆಯನ್ನು ಮಾವನಿಂದ ಕಲಿತಿದ್ದ. ಇದು ಅವನ ಮೊದಲ ಮೇಜು. ಕ್ಲಬ್ಬಿನಲ್ಲಿ ಇನ್ನೂ ಐದು ಇದ್ದವು. ಅವೂ ಸಿಕ್ಕಿಬಿಟ್ಟರೆ ಅಂಗಡಿಯ ಮುಂದೆ 'ಮೇಜು ತಜ್ಞರು' ಎಂದು ಬೋರ್ಡು ಹಾಕಿ, ಸೋಫಾಗಳಿಗೆ ಶಾಶ್ವತವಾಗಿ ಕೈಮುಗಿಯಬೇಕೆಂಬುದು ಅವನ ಆಸೆ. ಅದೆಲ್ಲ ಇವತ್ತು ಐದು ಗಂಟೆಗೆ ತೀರ್ಮಾನವಾಗುವುದಿತ್ತು.

"ಟೀ ಲೋಟ ಇಟ್ಟಿದ್ರಾ ಅದರ ಮೇಲೆ?" ಹೆಂಡತಿ ಕೇಳಿದಳು.

"ಇಲ್ಲ ಕಣೆ."

"ನಿಮ್ಮ ಕೈ ನಂಗೊತ್ತಿಲ್ವಾ? ಒಂದು ಮೊಳೆ ಹೊಡೀರಿ ಅಂದ್ರೆ ಗೋಡೆ ತುಂಬ ಬೆರಳಚ್ಚು."

ಅವನು ಮುಖವನ್ನೂ ಸರಿಯಾಗಿ ತೊಳೆಯದೆ ಸೈಕಲ್ ಹತ್ತಿದ.

ಕ್ಲಬ್ಬಿನ ಉದ್ದನೆಯ ಕೋಣೆಯಲ್ಲಿ ಐದು ಮೇಜುಗಳು ಮಾಸಿ, ಅಲ್ಲಲ್ಲಿ ಹರಿದು ಮಲಗಿದ್ದವು. ಆರನೆಯದು ಮಾತ್ರ ಈಗ ತಾನೆ ಚಿಗುರಿದ ಹುಲ್ಲಿನಂತಿತ್ತು. ಕುಶನ್ ಅದರ ಸುತ್ತ ಮೂರು ಸುತ್ತು ಬಂದ. ಬಗ್ಗಿ ನೋಡಿದ, ಕುಕ್ಕರುಗಾಲಲ್ಲಿ ಕೂತು ನೋಡಿದ, ಸ್ಟೂಲು ಹತ್ತಿ ನೋಡಿದ. ಹಸಿರು ಬಿಟ್ಟು ಬೇರೇನೂ ಕಾಣಲಿಲ್ಲ.

"ಯಾವ ಕಲೆ ಅಂತ ಅಧ್ಯಕ್ಷರನ್ನ ಒಂದ್ಮಾತು ಕೇಳಬಹುದಲ್ಲ ಸಾರ್?"

"ಅವರು ಮಾತಾಡೋದೇ ವಾರಕ್ಕೆ ನಾಲ್ಕು ಮಾತು. ಹೇಳಿದ್ದನ್ನ ಇನ್ನೊಂದ್ಸಲ ಹೇಳಿ ಅಂದವರು ಯಾರೂ ಈ ಕ್ಲಬ್ಬಲ್ಲಿ ಉಳಿದಿಲ್ಲ. ಅವರು ಇದೆ ಅಂದ್ಮೇಲೆ ಇದೆ. ಹುಡುಕಿ."

ಅಷ್ಟರಲ್ಲಿ ಕ್ಲಬ್ಬಿನ ಹಳೆ ಹುಲಿಗಳು ಒಬ್ಬೊಬ್ಬರಾಗಿ ಬಂದರು. ಗಣಿತದ ಮೇಷ್ಟ್ರು, ಕಣ್ಣಿನ ಡಾಕ್ಟರಮ್ಮ, ವಕೀಲರು, ಮೂವರೂ ನಿವೃತ್ತರು. ನಿವೃತ್ತರಿಗೆ ಒಂದು ಕಲೆ ಹುಡುಕುವ ಕೆಲಸ ಸಿಕ್ಕಿದರೆ ಕೇಳಬೇಕೆ! ಇಸ್ಪೀಟು ಹಾಗೇ ಬಿತ್ತು, ಪತ್ರಿಕೆ ಹಾಗೇ ಬಿತ್ತು. ಮೊಸರಲ್ಲಿ ಕಲ್ಲು ಹುಡುಕುವ ಜನಕ್ಕೆ ಇಡೀ ಮೇಜೇ ಸಿಕ್ಕಿತ್ತು.

ಡಾಕ್ಟರಮ್ಮ ಚೀಲದಿಂದ ಪುಟ್ಟ ಟಾರ್ಚು ತೆಗೆದು, ಕೆನ್ನೆಯನ್ನು ಬಟ್ಟೆಗೆ ಒತ್ತಿ ಒಂದು ಕಣ್ಣು ಮುಚ್ಚಿದರು.

"ಸಿಕ್ತು! ಅಡ್ಡಕ್ಕೆ ಒಂದು ಗೆರೆ. ಈ ಕಡೆಯಿಂದ ನೋಡಿದ್ರೆ ಮಾತ್ರ ಕಾಣುತ್ತೆ."

ಎಲ್ಲರೂ ಸಾಲಾಗಿ ಕೆನ್ನೆ ಊರಿ ನೋಡಿದರು. ಗೆರೆ ಇತ್ತು. ಕುಶನ್ ಮುಂದೆ ಬಂದ.

"ಅದು ಮಡಿಕೆ ಗೆರೆ ಅಮ್ಮ. ಗಿರಣಿಯಲ್ಲಿ ಬಟ್ಟೆ ಮಡಿಸಿ ಕಳಿಸ್ತಾರೆ. ಒಂದು ತಿಂಗಳು ಆಡಿದ್ರೆ ತಾನೇ ಹೋಗುತ್ತೆ. ಚೆಂಡಿನ ಓಟಕ್ಕೆ ಅದರಿಂದ ಏನೂ ತೊಂದರೆ ಇಲ್ಲ."

"ನೀವು ಹೀಗಂತೀರಿ, ಗಿರಣಿಯವರು ಹಾಕಿದವನದೇ ತಪ್ಪು ಅಂತಾರೆ," ಎಂದರು ವಕೀಲರು. ಎದುರಾಳಿಯ ಮಾತನ್ನೂ ತಾವೇ ಆಡುವುದು ಅವರ ಹಳೆಯ ಚಾಳಿ.

ಮೇಷ್ಟ್ರು ಸ್ಕೇಲು ಇಟ್ಟು ಅಳೆದರು. "ನೂರಕ್ಕೆ ನೂರು ನೇರ ಇದೆ. ಇಷ್ಟು ನೇರ ಎಳೆಯೋದು ಮನುಷ್ಯನ ಕೈಯಲ್ಲಿ ಆಗೋ ಕೆಲಸ ಅಲ್ಲ. ಕುಶನ್ ಪಾಸು."

ಕುಶನ್‌ಗೆ ಹೋದ ಜೀವ ಬಂದಂತಾಯಿತು. ಅದು ಬಹಳ ಹೊತ್ತು ನಿಲ್ಲಲಿಲ್ಲ, ಏಕೆಂದರೆ ಡಾಕ್ಟರಮ್ಮನ ಟಾರ್ಚಿಗೆ ಆಗಲೇ ಮೂರು ಬಿಳಿ ಚುಕ್ಕೆ ಸಿಕ್ಕಿದ್ದವು.

"ಅವು ಆಟಗಾರರು ಮಾಡಿದ್ದು. ಚೆಂಡಿಗೆ ಜೋರಾಗಿ ಹೊಡೆದಾಗ ಬಟ್ಟೆ ಉಜ್ಜಿ ಹಾಗಾಗುತ್ತೆ. ಬೇಕಾದ್ರೆ ನೋಡಿ," ಎಂದು ಕುಶನ್ ಕೋಲು ಹಿಡಿದು, ಉತ್ಸಾಹದಿಂದ ಒಂದು ಏಟು ಕೊಟ್ಟ. ಚೆಂಡು ಹಾರಿ ಕಾರ್ಯದರ್ಶಿಯ ಮೊಣಕಾಲಿಗೆ ಬಡಿಯಿತು. ಬಟ್ಟೆಯ ಮೇಲೆ ನಾಲ್ಕನೆಯ ಚುಕ್ಕೆ ಬಿತ್ತು.

"ಅಂದ್ರೆ ಇದೊಂದು ಮಾತ್ರ ನಿಮ್ಮದೇ ಅಂತಾಯ್ತು," ಎಂದರು ವಕೀಲರು. "ನಾವೆಲ್ಲ ಕಣ್ಣಾರೆ ನೋಡಿದ್ದೀವಿ."

ಲೆಕ್ಕ ತಪ್ಪಬಾರದೆಂದು ಮೇಷ್ಟ್ರು ಕೋಲಿನ ತುದಿಗೆ ಉಜ್ಜುವ ನೀಲಿ ಸೀಮೆಸುಣ್ಣದಿಂದ ಪ್ರತಿ ಚುಕ್ಕೆಗೂ ಒಂದು ವೃತ್ತ ಬರೆದು ನಂಬರು ಹಾಕಿದರು. ನಾಲ್ಕನೆಯ ನಂಬರಿಗೆ ಬರುವ ಹೊತ್ತಿಗೆ ಅವರ ಅಂಗಿಯ ತೋಳು ಒಂದು, ಎರಡು ಮತ್ತು ಮೂರನ್ನು ಒರೆಸಿ ಉದ್ದಕ್ಕೆ ನೀಲಿ ಬಳಿದಿತ್ತು. ಅಯ್ಯೋ ಎಂದು ಕಾರ್ಯದರ್ಶಿ ಕರವಸ್ತ್ರವನ್ನು ಕುಡಿಯುವ ನೀರಲ್ಲಿ ಅದ್ದಿ ತಂದರು.

"ಒದ್ದೆ ಮುಟ್ಟಿಸಬೇಡಿ ಸಾರ್!" ಕುಶನ್ ಕಿರುಚುವಷ್ಟರಲ್ಲಿ ಮುಟ್ಟಿಸಿ ಆಗಿತ್ತು. ಒಂದು ಗೆರೆ, ನಾಲ್ಕು ಚುಕ್ಕೆ ಇದ್ದ ಜಾಗದಲ್ಲಿ ಈಗ ಅಂಗೈಯಗಲದ ನೀಲಿ ಕೆರೆ.

ಕುಶನ್‌ಗೆ ಅಳು ಬಂತು. ನಿಜವಾಗಿಯೂ ಬಂತು. ಮೂರು ದಿನ ಮೇಜಿನ ಕಲ್ಲಿನ ಹಲಗೆಯ ಮೇಲೆ ಆ ಬಟ್ಟೆಯನ್ನು ಕೂಸಿಗೆ ಹೊದಿಸುವಂತೆ ಎಳೆದು ಎಳೆದು ಹೊದಿಸಿದ್ದ. ಯಾರೊಡನೆಯೂ ಮಾತಾಡದೆ ಎಲ್ಲರನ್ನೂ ಮೇಜಿನಿಂದ ಆಚೆಗೆ ಸರಿಸಿದ. ನೀರನ್ನು ಒಣಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಿದ. ಫ್ಯಾನು ಹಾಕಿ ಒಣಗಿಸಿದ. ಆಮೇಲೆ ಮೆತ್ತನೆ ಬ್ರಷ್ಷು ಹಿಡಿದು, ಬಟ್ಟೆಯ ರೋಮ ಯಾವ ಕಡೆಗೆ ಮಲಗಿದೆಯೋ ಅದೇ ಕಡೆಗೆ, ಎರಡು ಗಂಟೆ ಕಾಲ ಗುಡಿಸಿದ. ನಾಲ್ಕು ಗಂಟೆಗೆ ನೀಲಿ ಹೋಗಿತ್ತು. ಗೆರೆಯೂ ಅರ್ಧ ಮಾಸಿತ್ತು.

"ಪರವಾಗಿಲ್ಲ," ಎಂದರು ವಕೀಲರು. "ಆದ್ರೆ ಅಧ್ಯಕ್ಷರು ಕಂಡ ಕಲೆ ಇದರಲ್ಲಿ ಯಾವುದು ಅಂತ ನಮಗೆ ಗೊತ್ತಿಲ್ವಲ್ಲ. ನಾಳೆ ಇನ್ನೊಂದು ಕಾಣಬಹುದು, ನಾಡಿದ್ದು ಮತ್ತೊಂದು. ನನ್ನ ಮಾತು ಕೇಳಿ, ಬರೆದಿಟ್ಟುಬಿಡಿ. ಕಾಗದ ಇದ್ರೆ ಯಾವನೂ ನಿಮ್ಮ ಮೈ ಮುಟ್ಟಕ್ಕಾಗಲ್ಲ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಕುಶನ್ ಹೂಂ ಎಂದ. ವಕೀಲರು ಕನ್ನಡಕ ಏರಿಸಿ, ಬಹಳ ದಿನದ ಮೇಲೆ ಸಿಕ್ಕ ಕೆಲಸವನ್ನು ಅನುಭವಿಸುತ್ತ ಬರೆದರು: 'ಸದರಿ ಮೇಜಿನ ಬಟ್ಟೆಯಲ್ಲಿ ಅಧ್ಯಕ್ಷರು ಕಂಡಿರುವ ಕಲೆ ಯಾವುದೇ ಆಗಿರಲಿ, ಅದಕ್ಕೂ ಬಟ್ಟೆ ಹಾಕಿದ ಕೆಲಸಗಾರನ ಕೈಗೂ ಇಂದೂ ಮುಂದೂ ಯಾವ ಸಂಬಂಧವೂ ಇಲ್ಲ. ಕಲೆಯೆಲ್ಲ ಗಿರಣಿಯವರದು.' ಕುಶನ್ ಮೊದಲು ಸಹಿ ಹಾಕಿದ. ಆಮೇಲೆ ಉಳಿದ ನಾಲ್ವರೂ ಸಾಕ್ಷಿ ಹಾಕಿದರು. ಕಾಗದ ಒಣಗುವವರೆಗೆ ಕುಶನ್ ಅದಕ್ಕೆ ಊದುತ್ತಲೇ ಇದ್ದ.

ಐದಕ್ಕೆ ಸರಿಯಾಗಿ ಅಧ್ಯಕ್ಷರು ಬಂದರು. ಯಾರ ಮುಖವನ್ನೂ ನೋಡದೆ ಕೋಲು ತೆಗೆದುಕೊಂಡು ಒಂದು ಚೆಂಡನ್ನು ಮೆಲ್ಲಗೆ ತಳ್ಳಿದರು. ಅದು ಸದ್ದಿಲ್ಲದೆ ಉರುಳಿ, ಮೂರು ಅಂಚು ಮುಟ್ಟಿ, ಮೂಲೆಯ ಕುಳಿಗೆ ಮನೆಗೆ ಹೋದಂತೆ ಹೋಯಿತು.

"ನೋಡಿದ್ರಾ? ಕಲೆ," ಎಂದರು ಅಧ್ಯಕ್ಷರು. "ಹಾಕಿದವರು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕುಶನ್ ಕೈಮುಗಿದುಕೊಂಡೇ ಮುಂದೆ ನುಗ್ಗಿದ. "ಸಾರ್, ಬಟ್ಟೆ ಹಾಕಿದ್ದು ನಾನು. ಆದ್ರೆ ದೇವರಾಣೆಗೂ ಕಲೆ ನನ್ನದಲ್ಲ!"

"ನಿಮ್ಮದಲ್ವಾ?"

"ಲಿಖಿತವಾಗಿ ಇದೆ ಸಾರ್," ಎಂದು ವಕೀಲರು ಕಾಗದ ಒಪ್ಪಿಸಿದರು.

ಅಧ್ಯಕ್ಷರು ಅದನ್ನು ಎರಡು ಸಲ ಓದಿದರು. ನಂತರ, ಆ ಕ್ಲಬ್ಬಿನಲ್ಲಿ ಯಾರೂ ಕೇಳರಿಯದಷ್ಟು ಉದ್ದದ ಮಾತಾಡಿದರು.

"ನಲವತ್ತು ವರ್ಷದಿಂದ ಆಡ್ತಿದ್ದೀನಿ. ಇಷ್ಟು ಹದವಾಗಿ ಬಟ್ಟೆ ಬಿಗಿದಿರೋ ಮೇಜು ಕಂಡಿಲ್ಲ. ಇದು ಬರೀ ಕೆಲಸ ಅಲ್ಲ, ಕಲೆ ಅನ್ನಿಸ್ತು. ಇನ್ನೈದು ಮೇಜನ್ನೂ ಈ ಕಲೆಗಾರನ ಕೈಗೇ ಕೊಡೋಣ ಅಂತ ಕರೆಸಿದೆ. ಕಲೆ ಗಿರಣಿಯವರದು ಅಂತ ಈಗ ಗೊತ್ತಾಯ್ತು."

ಅಧ್ಯಕ್ಷರು ಕಾಗದವನ್ನು ನೀಟಾಗಿ ಮಡಿಸಿದರು.

"ಸಾರ್!" ಕುಶನ್ ಕಾಗದದ ಕಡೆ ಕೈ ಚಾಚಿದ. "ಆ ಕಲೆ ನನ್ನದೇ ಸಾರ್! ನಾವು ಬರೆದಿದ್ದು ಬೇರೆ ಕಲೆ!"

"'ಯಾವುದೇ ಆಗಿರಲಿ' ಅಂತ ಬರೆದಿದ್ದೀನಲ್ಲಪ್ಪ," ವಕೀಲರು ನಿಜವಾದ ಮರುಕದಿಂದ ಹೇಳಿದರು. "'ಇಂದೂ ಮುಂದೂ' ಅಂತಾನೂ ಇದೆ. ಮುರಿಯಕ್ಕಾಗದ ಹಾಗೆ ಬರೆದುಬಿಟ್ಟೆ."

ಅಧ್ಯಕ್ಷರು ಕುಶನ್‌ನ ಬೆನ್ನು ತಟ್ಟಿದರು. "ಆಸೆಪಡಬೇಡಿ. ಮೊದಲು ಹೇಳಿದ್ರಲ್ಲ, ಅದೇ ಪ್ರಾಮಾಣಿಕತೆ. ಇನ್ನೊಬ್ಬರ ಕಲೆಯನ್ನ ನನ್ನದಲ್ಲ ಅನ್ನೋರು ಎಷ್ಟು ಜನ ಇದ್ದಾರೆ ಈ ಕಾಲದಲ್ಲಿ? ಕಾರ್ಯದರ್ಶಿಗಳೇ, ಮೇಜಿಗೆ ಗಿರಣಿಯವರ ಜನಾನೇ ಕರೆಸಿ. ಇವರನ್ನ ಬರಿಗೈಲಿ ಕಳಿಸಬೇಡಿ. ನನ್ನ ಕೋಣೆ ಸೋಫಾ ಕೂರೋ ಹಾಗಿಲ್ಲ, ಅದನ್ನ ರಿಪೇರಿಗೆ ಇವರಿಗೆ ಕೊಡಿ."

ಕಾರ್ಯದರ್ಶಿ ಅವನ ತೋಳು ಹಿಡಿದು ಅಧ್ಯಕ್ಷರ ಕೋಣೆಗೆ ಕರೆದೊಯ್ದರು. ಇಂಥ ತಮಾಷೆ ತಪ್ಪಿಸಿಕೊಳ್ಳುವ ಪೈಕಿಯಲ್ಲದ ಉಳಿದವರೂ ಹಿಂದೆಯೇ ಬಂದರು. ಅಧ್ಯಕ್ಷರೂ ಬಂದರು. ಕುಶನ್ ತಲೆ ತಗ್ಗಿಸಿ ನಿಂತಿದ್ದ. ಕಾರ್ಯದರ್ಶಿ ಸೋಫಾದ ಕಡೆ ಬಗ್ಗಿ, "ಅರೆ, ಇದರಲ್ಲೂ ಕಲೆ ಇದೆಯಲ್ರೀ!" ಎಂದರು.

"ನನ್ನದೇ ಸಾರ್!" ಕುಶನ್ ಕೋಣೆ ನಡುಗುವಂತೆ ಕೂಗಿದ. "ಅದು ನನ್ನದೇ! ನಾನೇ ಮಾಡಿದ್ದು!"

ಎಲ್ಲರೂ ಬಗ್ಗಿ ನೋಡಿದರು. ಬಿಳಿ ಸೋಫಾದ ನಟ್ಟನಡುವೆ, ತಟ್ಟೆಯಗಲಕ್ಕೆ, ಮಸಿ ಚೆಲ್ಲಿ ಒಣಗಿತ್ತು. ವಕೀಲರು ಆಗಲೇ ಹೊಸ ಕಾಗದ ಹಿಡಿದು ಪೆನ್ನಿನ ಮುಚ್ಚಳ ತೆಗೆದಿದ್ದರು.