ಹದಿನೈದು ಅಂಕದ ಗೆಲುವು

ತಪ್ಪು ಓಟದ ಮೇಷ್ಟ್ರದ್ದೇ. ಬೆಳಿಗ್ಗೆ ಖುಷಿಯ ಭರದಲ್ಲಿ ಕಾಲೇಜಿನ ಕರಿಹಲಗೆಯ ಮೇಲೆ ಅವರು ಬರೆದದ್ದು ಒಂದೇ ಸಾಲು: 'ಗುಡ್ಡಗಾಡು ಓಟ: ನಮ್ಮ ಕಾಲೇಜು ೧೫, ಹೊಳೆಯಾಚೆಯ ಕಾಲೇಜು ೯೮.' ಗೆದ್ದವರು ಯಾರೆಂದು ಬರೆಯಲಿಲ್ಲ. ಅದನ್ನೂ ಹೇಳಬೇಕೇ ಎಂದುಕೊಂಡರು.

ಹನ್ನೊಂದು ವರ್ಷದಿಂದ ಅವರು ಹಂಗಾಮಿ ತರಬೇತುದಾರರು. ಆ ಹುದ್ದೆಗೆ ಕಾಯಂ ಆಗಿ ಒಬ್ಬರನ್ನು ನೇಮಿಸಲು ಹೋದ ತಿಂಗಳು ಸಂದರ್ಶನ ನಡೆದಿತ್ತು. ಪ್ರಾಂಶುಪಾಲರು ಒಂದು ಹೆಸರಿಗೆ ಸಹಿ ಹಾಕಬೇಕಾದದ್ದು ಇವತ್ತು ಸಂಜೆ ಐದರೊಳಗೆ. ನಿನ್ನೆಯಷ್ಟೇ ಹತ್ತು ಕಾಲೇಜುಗಳ ಓಟದಲ್ಲಿ ತಮ್ಮ ಐದು ಹುಡುಗಿಯರು ಮೊದಲ ಐದು ಸ್ಥಾನಗಳನ್ನೂ ಬಾಚಿ ತಂದಿದ್ದರಿಂದ ಮೇಷ್ಟ್ರು ಆಗಲೇ ಕಾಯಂ ನೌಕರರ ನಡಿಗೆ ನಡೆಯುತ್ತಿದ್ದರು.

ಮೊದಲು ಬಂದವರು ಗುಮಾಸ್ತರು, ಸಾವಿನ ಮನೆಗೆ ಬಂದವರ ಹಾಗೆ ತಲೆ ತಗ್ಗಿಸಿಕೊಂಡು. ಮೇಷ್ಟ್ರು ನಕ್ಕು ವಿವರಿಸಿದರು: ಈ ಓಟದಲ್ಲಿ ಎಷ್ಟನೆಯವರಾಗಿ ಬಂದರೋ ಅಷ್ಟೇ ಅಂಕ, ಐವರದ್ದನ್ನು ಕೂಡಿಸಿದಾಗ ಯಾರದ್ದು ಕಡಿಮೆಯೋ ಅವರೇ ಗೆದ್ದವರು. ಗುಮಾಸ್ತರು ಅವರ ಬೆನ್ನು ಸವರಿದರು. ಮೇಷ್ಟ್ರು ಬೀರುವಿನಿಂದ ಕಪ್ ತೆಗೆದು ತೋರಿಸಿದರು.

"ಈಗೆಲ್ಲ ಸೋತವರಿಗೂ ಕೊಡ್ತಾರೆ ಬಿಡಿ ಸಾರ್, ಬೇಜಾರಾಗ್ಬಾರ್ದು ಅಂತ. ಆದ್ರೆ ಪ್ರಿನ್ಸಿಪಾಲರು ಆಗ್ಲೇ ಬೋರ್ಡ್ ನೋಡಿ ಹೋದ್ರು. ಏನೂ ಮಾತಾಡ್ಲಿಲ್ಲ."

ಆ ಕೊನೆಯ ಮಾತು ಕೇಳಿ ಮೇಷ್ಟ್ರು ಕಪ್ಪನ್ನು ತಿರುಗಿ ಬೀರುವಿನೊಳಗಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಯಾರೋ ಪುಣ್ಯಾತ್ಮರು ಸುದ್ದಿಯನ್ನು ಮನೆಗೂ ಮುಟ್ಟಿಸಿದ್ದರು. ಹೆಂಡತಿ ಫೋನ್ ಮಾಡಿದಳು. "ರೀ, ಎಂಬತ್ಮೂರು ಅಂಕ ಕಡಿಮೆ ಬಂತಂತೆ. ನೀವು ಕಲಿಸಿದ್ದು ಓಡೋದನ್ನೋ, ಕೂರೋದನ್ನೋ?" ಗಣಿತದ ಅಧ್ಯಾಪಕರಂತೂ, ತೊಂಬತ್ತೆಂಟು ಹದಿನೈದಕ್ಕಿಂತ ದೊಡ್ಡದು ಎಂಬುದನ್ನು ಯಾವ ಸ್ನೇಹಕ್ಕೂ ಬಿಟ್ಟುಕೊಡಲಾರೆ ಎಂದುಬಿಟ್ಟರು.

ಮೇಷ್ಟ್ರು ಹಠಕ್ಕೆ ಬಿದ್ದರು. ಗುಮಾಸ್ತರು, ಗಣಿತದವರು, ಗ್ರಂಥಪಾಲಕಿ ಮೂವರನ್ನೂ ಕಾರಿಡಾರಿನಲ್ಲಿ ಸಾಲಾಗಿ ನಿಲ್ಲಿಸಿ ಸೀಟಿ ಊದಿದರು. ಇಪ್ಪತ್ತು ವರ್ಷ ಬೇರೆಯವರನ್ನು ಸುಮ್ಮನಿರಿಸುತ್ತ ಕೂತಿದ್ದ ಗ್ರಂಥಪಾಲಕಿ, ಕನ್ನಡಕ ಕೈಯಲ್ಲಿ ಹಿಡಿದು ಕಟ್ಟು ಬಿಚ್ಚಿದ ಕರುವಿನಂತೆ ಓಡಿ ಮೊದಲಿಗರಾದರು. ಗುಮಾಸ್ತರು ಲೋಡು ತುಂಬಿದ ಲಾರಿಯಂತೆ ಕೊನೆಗೆ ಬಂದರು.

"ನೋಡಿ, ನಿಮಗೆ ಒಂದಂಕ. ಗುಮಾಸ್ತರಿಗೆ ಮೂರು," ಎಂದರು ಮೇಷ್ಟ್ರು.

"ಮೊದಲು ಬಂದ ನಂಗೆ ಒಂದು, ಗೋಡೆ ಹಿಡ್ಕೊಂಡು ಏದುಸಿರು ಬಿಡ್ತಿರೋರಿಗೆ ಮೂರಾ? ಯಾವೂರ ನ್ಯಾಯ ಮೇಷ್ಟ್ರೇ ಇದು?" ಗ್ರಂಥಪಾಲಕಿ ಅದೇ ವೇಗದಲ್ಲಿ ಪ್ರಾಂಶುಪಾಲರ ಕೋಣೆಗೆ ದೂರು ಒಯ್ದರು.

ನಾಲ್ಕೂವರೆಗೆ ಮೇಷ್ಟ್ರಿಗೆ ಕರೆ ಬಂತು.

ಪ್ರಾಂಶುಪಾಲರ ಮೌನ ಹೆಸರುವಾಸಿಯಾದದ್ದು. ಅದರೊಳಗೆ ಕೂತವರು ಮಾಡದ ತಪ್ಪನ್ನೂ ಒಪ್ಪಿಕೊಂಡು ಎದ್ದು ಬರುತ್ತಿದ್ದರು. ಮೇಷ್ಟ್ರು ಮಾತ್ರ ಒಪ್ಪಿಕೊಳ್ಳಲಿಲ್ಲ. ಬೆವರು ಒರೆಸುತ್ತ, ಬೆರಳು ಮಡಚುತ್ತ, ಲೆಕ್ಕವನ್ನು ಮತ್ತೆ ಮೊದಲಿಂದ ಹೇಳಿದರು. ಪ್ರಾಂಶುಪಾಲರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಅಂದ್ರೆ, ಕಡಿಮೆ ಅಂಕ ಬಂದವನೇ ಗೆದ್ದವನು."

"ಹೌದು ಸಾರ್."

"ಬರೆದು ಸಹಿ ಹಾಕಿ ಕೊಡ್ತೀರಾ?"

ದಿನವಿಡೀ ನಂಬುವವರೊಬ್ಬರೂ ಸಿಗದ ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದರು. ಪ್ರಾಂಶುಪಾಲರು ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದು ಅದಕ್ಕೆ ಈ ಚೀಟಿಯನ್ನು ನಾಜೂಕಾಗಿ ಪಿನ್ ಮಾಡಿದರು. ಸಂದರ್ಶನದ ಅಂಕಪಟ್ಟಿ. ಎಲ್ಲಕ್ಕಿಂತ ಮೇಲೆ ಓಟದ ಮೇಷ್ಟ್ರು, ಎಂಬತ್ತೆಂಟು. ಎಲ್ಲಕ್ಕಿಂತ ಕೆಳಗೆ, ಹನ್ನೊಂದು ಅಂಕದ ಎದುರಿಗೆ, ಪ್ರಾಂಶುಪಾಲರ ಬಾಮೈದ.

"ಒಂದು ತಿಂಗಳಿಂದ ದಾರಿ ಕಾಣದೆ ಕೂತಿದ್ದೆ ಮೇಷ್ಟ್ರೇ," ಎಂದರು ಪ್ರಾಂಶುಪಾಲರು ಮೃದುವಾಗಿ, ಪೆನ್ನಿನ ಮುಚ್ಚಳ ತೆಗೆಯುತ್ತ. "ಮನೇಲಿ ಮುಖ ತೋರಿಸೋ ಹಾಗಿರ್ಲಿಲ್ಲ. ಓಟದ ಹುದ್ದೆಗೆ ಓಟದ ಲೆಕ್ಕಾನೇ ಹಾಕ್ಬೇಕಲ್ವಾ? ಈ ಪಟ್ಟೀನ ಕೆಳಗಿಂದ ಓದ್ಬೇಕು ಅಂತ ನಂಗೆ ಹೊಳೆದೇ ಇರ್ಲಿಲ್ಲ."