ಸಲಹೆ ಕೊಡದ ಅತ್ತಿಗೆ

ನನ್ನ ಅತ್ತಿಗೆ ಸುಮ್ಮನೆ ಕೂರುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಾರೆ. ಇದು ಹೊಟ್ಟೆಕಿಚ್ಚಿನ ಮಾತು ಎಂದುಕೊಳ್ಳಬೇಡಿ, ಅವರೇ ಒಪ್ಪಿಕೊಂಡಿರುವ ಸತ್ಯ. ನಾಗರಬಾವಿ ಕಡೆಯ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಓದುವ ಹುಡುಗ ಹುಡುಗಿಯರಿಗೆ ಅವರು ಕೌನ್ಸೆಲಿಂಗ್ ಕಲಿಸುತ್ತಾರೆ. ಎದುರಿಗೆ ಕುಳಿತವರು ತಮ್ಮ ಕಷ್ಟ ಹೇಳಿಕೊಳ್ಳುವಾಗ ಬಾಯಿ ಮುಚ್ಚಿಕೊಂಡು ಕೇಳುವುದು ಹೇಗೆ ಎಂಬುದೇ ಆ ಪಾಠದ ಮುಕ್ಕಾಲು ಭಾಗ. ಅದನ್ನು ಕಲಿಯಲು ಎರಡು ವರ್ಷ ಬೇಕಂತೆ! ನಮ್ಮ ಅಣ್ಣ ಮದುವೆಯಾದ ಒಂದೇ ವಾರದಲ್ಲಿ ಕಲಿತ. ಪಾಪ, ಅವನಿಗೆ ಯಾರೂ ಡಿಗ್ರಿ ಕೊಡಲಿಲ್ಲ.

ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ಮಹಡಿಯ ಮೇಲೆ ಅಣ್ಣ ಅತ್ತಿಗೆ, ಕೆಳಗೆ ಅಪ್ಪ, ಅಮ್ಮ ಮತ್ತು ಮದುವೆಯ ಗೋಜಿಗೆ ಹೋಗದ ನಾನು. ನಮ್ಮದು ಸಲಹೆ ಕೊಡುವ ವಂಶ. ನೆಗಡಿಗೆ ಏನು ಕುಡಿಯಬೇಕು, ಸೈಟು ಎಲ್ಲಿ ಕೊಳ್ಳಬೇಕು, ಯಾರ ಮಗಳು ಯಾರನ್ನು ಮದುವೆಯಾಗಬೇಕು, ಇದೆಲ್ಲ ನಮಗೆ ಕೇಳುವ ಮೊದಲೇ ಗೊತ್ತಿರುತ್ತದೆ. ಇಂಥ ಮನೆಗೆ ಸಲಹೆ ಕೊಡುವುದೇ ತಪ್ಪು ಎನ್ನುವ ಸೊಸೆ ಬಂದರೆ ಏನಾಗಬೇಡ?

ಒಂದು ಸಂಜೆ ನಾನು ಉರಿದುಕೊಂಡು ಮನೆಗೆ ಬಂದೆ. ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಅಂದು ಹೆಡ್‌ಮಿಸ್ಸು ಮಕ್ಕಳೆದುರಿಗೇ ನನ್ನ ಪೀರಿಯಡ್ಡನ್ನು ಕಿತ್ತು ಗಣಿತಕ್ಕೆ ಕೊಟ್ಟಿದ್ದರು. ಎಲ್ಲವನ್ನೂ ಅತ್ತಿಗೆಗೆ ಹೇಳಿದೆ. ಅವರು ಕಾಳು ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, “ಎಲ್ಲರ ಮುಂದೆ ಹಾಗೆ ಮಾಡಿದ್ದು ನಿನಗೆ ಅವಮಾನ ಅನ್ನಿಸ್ತು,” ಎಂದರು.

“ಅತ್ತಿಗೆ, ಅದನ್ನೇ ತಾನೇ ನಾನು ಅರ್ಧ ಗಂಟೆಯಿಂದ ಹೇಳ್ತಿರೋದು.”

“ಹೂಂ, ಅರ್ಧ ಗಂಟೆಯಿಂದ ಹೇಳ್ತಾನೇ ಇದೀಯ.”

ಜಗಳ ಆಡೋಣವೆಂದರೆ ಹಿಡಿದುಕೊಳ್ಳಲು ಒಂದು ಕೊನೆಯೂ ಸಿಗದು ನೋಡಿ! ಆದರೆ ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದಕ್ಕೂ ಅವರ ಮೇಲೆ ಸ್ವಲ್ಪ ಸಿಟ್ಟು ಬಂತು.

ಸೊಪ್ಪು ಮಾರುವವನ ಕಥೆ ಇದಕ್ಕಿಂತ ದೊಡ್ಡದು. ಅವನು ಒಂದು ಬೆಳಿಗ್ಗೆ, “ಮಳೆಗೆ ಸೊಪ್ಪೆಲ್ಲಾ ಕೊಳೆತೋಗ್ತಿದೆ ಅಕ್ಕ, ಜನ ನನ್ನೇ ಬೈತಾರೆ,” ಎಂದ. ಬೇರೆ ಯಾರಾದರೂ ಆಗಿದ್ದರೆ ಎರಡು ಕಟ್ಟು ದಂಟಿನ ಸೊಪ್ಪು ಎತ್ತಿಕೊಂಡು ಒಳಗೆ ಬರುತ್ತಿದ್ದರು. ಅತ್ತಿಗೆ, “ನಿಮ್ಮ ತಪ್ಪಿಲ್ಲದೆ ಬೈಸಿಕೊಳ್ಳೋದು ಕಷ್ಟ,” ಎಂದುಬಿಟ್ಟರು. ಮುಗಿಯಿತು. ಅವನು ಗಾಡಿಯ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿ, ಮಾವನ ಮನೆಯವರು ಮಾಡಿದ ಮೋಸದಿಂದ ಶುರುಮಾಡಿದ. ಅಂದಿನಿಂದ ದಿನವೂ ಅವನ ಗಾಡಿ ನಮ್ಮ ಗೇಟಿನ ಮುಂದೆ ಮುಕ್ಕಾಲು ಗಂಟೆ ನಿಲ್ಲುತ್ತದೆ. ಹಿಂದಿನ ಕ್ರಾಸಿನ ಹೆಂಗಸರು ಒಂದು ದಿನ ದಂಡು ಕಟ್ಟಿಕೊಂಡು ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. “ನಿಮ್ಮ ಅತ್ತಿಗೆಗೆ ಸ್ವಲ್ಪ ಬೇಗ ಕೇಳಿ ಮುಗಿಸೋಕೆ ಹೇಳಿ ಸಾರ್, ನಮ್ಮನೇಲಿ ಇನ್ನೂ ಸಾರಿಗೆ ಇಟ್ಟಿಲ್ಲ,” ಎಂದು ಅವರ ದೂರು. ನಾನು ಹೋಗಿ ಹೇಳಿದೆ. ಅತ್ತಿಗೆ ಆ ಹೆಂಗಸರ ಕಷ್ಟವನ್ನೂ ಕೇಳಿಸಿಕೊಂಡರು. ಅಂದು ಸೊಪ್ಪು ಇನ್ನೂ ಅರ್ಧ ಗಂಟೆ ತಡವಾಯಿತು.

ಆದರೆ ನಮ್ಮಿಬ್ಬರ ನಿಜವಾದ ವೈಮನಸ್ಯ ಶುರುವಾದದ್ದು ಚಿತ್ರಕಲೆಯಿಂದ. ಕೌನ್ಸೆಲಿಂಗ್ ಜೊತೆಗೆ ಅವರು ಆರ್ಟ್ ಥೆರಪಿ ಎಂಬುದನ್ನೂ ಕಲಿಸುತ್ತಾರೆ. ಬಾಯಲ್ಲಿ ಹೇಳಲಾಗದ್ದನ್ನು ಬಣ್ಣದಲ್ಲೋ ಜೇಡಿಮಣ್ಣಿನಲ್ಲೋ ಹೊರಗೆ ಹಾಕುವುದಂತೆ. ಡಿಗ್ರಿ ಮುಗಿಸಿ ಬಂದ, ಗಡ್ಡ ಮೀಸೆ ಬಂದ ಹುಡುಗರು ಕ್ರೇಯಾನ್ಸ್ ಹಿಡಿದು ಗೀಚುತ್ತಾರೆ! ಕಾಗೆ ಬರೆದರೆ ಅದು ಕಾಗೆಯ ಹಾಗೆ ಕಾಣಬೇಕು ಎಂದು ಇಪ್ಪತ್ತು ವರ್ಷದಿಂದ ಸ್ಕೇಲು ಬಡಿದು ಹೇಳಿಕೊಂಡು ಬಂದವನು ನಾನು. ತಡೆಯಲಾಗದೆ, “ಒಂದು ದಿನ ನಾನು ಬಂದು ಪಾಠ ಮಾಡ್ತೀನಿ ಅತ್ತಿಗೆ,” ಎಂದೆ. ಯಾರಾದರೂ ಏನನ್ನಾದರೂ ಮಾಡುತ್ತೇನೆಂದರೆ ಬೇಡ ಎನ್ನುವ ಅಭ್ಯಾಸ ಅವರಿಗಿಲ್ಲ. ಹೋದೆ. ಎರಡು ಗಂಟೆ ನೆರಳು ಬೆಳಕು, ದೂರ ಹತ್ತಿರ, ಮೂಗಿನ ಅಳತೆ ಎಲ್ಲವನ್ನೂ ಹೇಳಿಕೊಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಮೂರು ದಿನ ಬಿಟ್ಟು ಅತ್ತಿಗೆ ಸೋತ ಮುಖ ಮಾಡಿಕೊಂಡು ಬಂದರು. “ನಿನ್ನಿಂದ ನನ್ನ ಒಂದು ತಿಂಗಳ ಕೆಲಸ ಹಾಳಾಯ್ತು ಕಣೋ.”

“ಯಾಕೆ ಅತ್ತಿಗೆ, ಏನಾಯ್ತು?”

“ಎಲ್ಲರೂ ಚೆನ್ನಾಗಿ ಬರೆಯೋಕೆ ಶುರು ಮಾಡಿಬಿಟ್ಟಿದಾರೆ. ಒಬ್ಬರ ಮನಸ್ಸಲ್ಲೂ ಏನಿದೆ ಅಂತ ಕಾಣ್ತಿಲ್ಲ.”

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಂಥ ಆಪಾದನೆಯನ್ನು ನಾನು ಹೊತ್ತಿರಲಿಲ್ಲ.

ಇಷ್ಟಾದರೂ ಅತ್ತಿಗೆಗೆ ನಮ್ಮ ಮನೆಯವರಿಲ್ಲದೆ ನಡೆಯುತ್ತಿರಲಿಲ್ಲ. ಅವರ ವಿದ್ಯಾರ್ಥಿಗಳಿಗೆ ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ. ನಿಜವಾದ ದುಃಖಿತರನ್ನು ಪರೀಕ್ಷೆಗೆ ಕೂರಿಸುವಂತಿಲ್ಲವಲ್ಲ, ಅದಕ್ಕೆ ಸುಳ್ಳು ದುಃಖಿತರು ಬೇಕು. ಒಂದು ಕಾರ್ಡಿನ ಮೇಲೆ ಅತ್ತಿಗೆ ಕಷ್ಟವೊಂದನ್ನು ಬರೆದುಕೊಡುತ್ತಾರೆ. ಅದನ್ನು ನಮ್ಮದೇ ಎಂಬಂತೆ ಇಪ್ಪತ್ತು ನಿಮಿಷ ಹೇಳಿಕೊಳ್ಳಬೇಕು. ವಿದ್ಯಾರ್ಥಿ ಸಲಹೆ ಕೊಡದೆ ಕೇಳಬೇಕು, ಹೊರಗಿನಿಂದ ಬಂದ ಪರೀಕ್ಷಕರು ಮೂಲೆಯಲ್ಲಿ ಕೂತು ಅಂಕ ಹಾಕಬೇಕು.

ಈ ಕೆಲಸದಲ್ಲಿ ನಮ್ಮ ಅಪ್ಪನನ್ನು ಮೀರಿಸುವವರಿರಲಿಲ್ಲ. ರಿಟೈರಾದ ಗಣಿತದ ಮೇಷ್ಟ್ರು. ಎಪ್ಪತ್ತೈದು ದಾಟಿದ್ದರೂ ಪ್ರೇಮಭಂಗದ ಕಾರ್ಡೇ ಬೇಕೆಂದು ಹಟ ಹಿಡಿದು, ಒಂದು ಸಲ ಎದುರಿಗಿದ್ದ ಹುಡುಗಿಯನ್ನು ಗೊಳೋ ಎಂದು ಅಳಿಸಿ, ಮನೆಗೆ ಬಂದು ಎರಡು ಸಲ ಬಿಸಿಬೇಳೆ ಬಾತ್ ಹಾಕಿಸಿಕೊಂಡು ತಿಂದರು. ಇನ್ನೊಂದು ಸಲ ಅವರಿಗೆ ನಿದ್ದೆ ಬಾರದವನ ಪಾತ್ರ. ಎದುರಿಗೆ ಹಾವೇರಿ ಕಡೆಯ ಒಬ್ಬ ಹುಡುಗಿ. ಹನ್ನೆರಡು ನಿಮಿಷ ಹಲ್ಲು ಕಚ್ಚಿಕೊಂಡು ಕೇಳಿದವಳು ಹದಿಮೂರನೆಯ ನಿಮಿಷಕ್ಕೆ, “ಅಜ್ಜಾರ, ಮಲಗೋ ಮುಂದ ಬಿಸಿ ಹಾಲಿಗೆ ಒಂಚೂರು ಜಾಜಿಕಾಯಿ ತೇದು ಹಾಕ್ಕೊಂಡ್ ಕುಡೀರಿ,” ಎಂದುಬಿಟ್ಟಳು. ಫೇಲು!

ಅಪ್ಪ ಅಂದು ರಾತ್ರಿ ಹಾಗೆಯೇ ಕುಡಿದು ಮಲಗಿದರು. ಬೆಳಿಗ್ಗೆ ಎಂಟಕ್ಕೆ ಎದ್ದವರೇ ಸೀದಾ ಮಹಡಿ ಹತ್ತಿದರು. “ಎಂಥಾ ನಿದ್ದೆ ಬಂತು ಗೊತ್ತೇನಮ್ಮ. ಆ ಹುಡುಗೀನ ಪಾಸ್ ಮಾಡು.”

“ಮಾವ, ನಿಮಗೆ ನಿದ್ದೆ ಬರಲ್ಲ ಅನ್ನೋದೇ ಸುಳ್ಳಲ್ವಾ,” ಎಂದರು ಅತ್ತಿಗೆ.

ಆ ಅಪ್ಪ ಹೋಗಿ ಎಂಟು ತಿಂಗಳಾಯಿತು. ಆಸ್ಪತ್ರೆಯಲ್ಲಿ ಐದು ದಿನ ಇದ್ದರು. ಐಸಿಯು ಒಳಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು, ಅಮ್ಮ ಅಲ್ಲಿಂದ ಏಳುತ್ತಲೇ ಇರಲಿಲ್ಲ. ಐದನೆಯ ದಿನ ಬೆಳಿಗ್ಗೆ ನಾನೇ ಒತ್ತಾಯ ಮಾಡಿ, ಒಂದು ಲೋಟ ಕಾಫಿ ಕುಡಿದು ಬಾ ಎಂದು ಅಮ್ಮನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಅತ್ತಿಗೆ ಒಳಗೆ ಹೋಗಿ ಕುಳಿತರು. ನಾವು ಐಸಿಯು ಬಾಗಿಲಿಗೆ ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಲ್ಲಿಂದಾಚೆಗೆ ಅಮ್ಮ ಮಾತು ನಿಲ್ಲಿಸಿದರು. ಊಟಕ್ಕೆ ಕರೆದರೆ “ಹೂಂ”, ಹೊರಗೆ ಹೋಗೋಣವೆಂದರೆ “ಬೇಡ”. ನೆಂಟರು ಸುಮ್ಮನಿರುತ್ತಾರೆಯೇ? ಕಾಶಿಗೆ ಕರೆದುಕೊಂಡು ಹೋಗು ಎಂದರು ಒಬ್ಬರು, ಬಾದಾಮಿ ನೆನೆಸಿ ಕೊಡು ಎಂದರು ಇನ್ನೊಬ್ಬರು. ನನ್ನ ಪಾಲಿನ ಹತ್ತು ಸಲಹೆಗಳನ್ನು ನಾನೂ ಕೊಟ್ಟೆ. ಅಮ್ಮ ತಿಂಗಳಿಂದ ತಿಂಗಳಿಗೆ ಸವೆಯುತ್ತ ಹೋದರು. ನನಗೆ ಭಯವಾಗತೊಡಗಿತು. ಕೊನೆಗೊಂದು ದಿನ ಅತ್ತಿಗೆಯ ಮೇಲೆ ಹರಿಹಾಯ್ದೆ.

“ಊರಿಗೆಲ್ಲ ಕೌನ್ಸೆಲಿಂಗ್ ಕಲಿಸ್ತೀರಿ. ಅಮ್ಮನ್ನ ಮಾತ್ರ ಹೀಗೆ ಬಿಟ್ಟಿದೀರಲ್ಲ.”

“ಮನೆಯವರಿಗೆ ನಾವು ಮಾಡಬಾರದು ಕಣೋ. ನಾನು ಸೊಸೆ. ಸೊಸೆ ಮುಂದೆ ಅತ್ತೆ ಏನಂತ ಬಿಚ್ಚಿ ಹೇಳ್ತಾರೆ? ನನಗೆ ಗೊತ್ತಿರೋ ಡಾಕ್ಟರ್ ಹತ್ರ ಹೋಗೋಣ ಅಂತ ಕೇಳಿದೆ. ‘ನನಗೇನು ಹುಚ್ಚಾ’ ಅಂದ್ರು.”

“ಹಾಗಾದ್ರೆ ಏನು ಮಾಡೋದು?”

“ಕಾಯೋದು,” ಎಂದರು. ಸುಮ್ಮನೆ ಕೂರುವುದಕ್ಕೆ ಇವರಿಗೆ ಸಂಬಳ ಬೇರೆ ಕೊಡುತ್ತಾರಲ್ಲ ಎಂದು ಅಂದು ನಾನು ಮನಸ್ಸಿನಲ್ಲೇ ಕಾಲೇಜಿನವರನ್ನೂ ಬೈದೆ.

ಹೀಗಿರುವಾಗ ಮತ್ತೆ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಅಪ್ಪನಿಲ್ಲದ್ದರಿಂದ ಸುಳ್ಳು ದುಃಖಿತನ ಕೆಲಸ ನನ್ನ ಹೆಗಲಿಗೆ ಬಿತ್ತು. ಅಣ್ಣ ಊರಲ್ಲಿರಲಿಲ್ಲ. ಅಮ್ಮನನ್ನು ಒಬ್ಬರನ್ನೇ ಬಿಡಲು ಮನಸ್ಸಾಗದೆ ಜೊತೆಯಲ್ಲೇ ಕಾಲೇಜಿಗೆ ಕರೆದುಕೊಂಡು ಹೋಗಿ, ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದೆವು. ನಾನು ಒಂದು ರೂಮಿಗೆ ಹೋಗಿ, ಹೆಂಡತಿಯ ಜೊತೆ ಹೊಂದಿಕೊಳ್ಳಲಾಗದ ಗಂಡನಾಗಿ ಇಪ್ಪತ್ತು ನಿಮಿಷ ನರಳಿದೆ. ಮದುವೆಯಾಗದವನ ಸಂಸಾರದ ಕಷ್ಟಕ್ಕೆ ಎದುರಿಗಿದ್ದ ಹುಡುಗ ತಲೆದೂಗಿ ತಲೆದೂಗಿ ಸುಸ್ತಾದ.

ಹೊರಗೆ ಬಂದರೆ ಬೆಂಚಿನ ಮೇಲೆ ಅಮ್ಮ ಇಲ್ಲ. ಪಕ್ಕದ ರೂಮಿನ ಬಾಗಿಲಿನ ಗಾಜಿನಲ್ಲಿ ಇಣುಕಿ ನೋಡುತ್ತ ಅತ್ತಿಗೆ ನಿಂತಿದ್ದರು. ನಾನೂ ಇಣುಕಿದೆ. ಒಳಗೆ ಅಮ್ಮ ಕುಳಿತಿದ್ದರು, ಎದುರಿಗೆ ಅದೇ ಹಾವೇರಿಯ ಹುಡುಗಿ, ಮೂಲೆಯಲ್ಲಿ ಪರೀಕ್ಷಕರು. ಆ ಹುಡುಗಿಗೆಂದು ಆರ್‌ಪಿಸಿ ಲೇಔಟಿನಿಂದ ಒಬ್ಬ ವಯಸ್ಸಾದ ಆಂಟಿ ಬರಬೇಕಿತ್ತು. ಅವರು ಬಂದಿರಲಿಲ್ಲ. ಹುಡುಗಿ ಬಾಗಿಲು ತೆರೆದು ನೋಡಿದ್ದಾಳೆ, ಬೆಂಚಿನ ಮೇಲೆ ಒಬ್ಬ ಅಜ್ಜಿ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಾರೆ. ಪಾತ್ರಕ್ಕೆ ಇನ್ನೇನು ಬೇಕು? “ಬರ್ರಿ ಅಜ್ಜಿ ಒಳಗ,” ಎಂದು ಕೈಹಿಡಿದು ಕರೆದುಕೊಂಡು ಹೋಗಿದ್ದಾಳೆ.

ಗಾಜಿನ ಆ ಕಡೆ ಅಮ್ಮ ಮಾತಾಡುತ್ತಿದ್ದರು. ಮೇಜಿನ ಮೇಲಿದ್ದ ಡಬ್ಬಿಯಿಂದ ನೀಲಿ ಕ್ರೇಯಾನ್ ತೆಗೆದು ಹಿಡಿದು, ಕಾಗದದ ಮೇಲೆ ಗೀಚುತ್ತ, ನಿಲ್ಲಿಸದೆ ಮಾತಾಡುತ್ತಿದ್ದರು. ನಮಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ.

“ನಿಲ್ಲಿಸಲ್ವಾ ಅತ್ತಿಗೆ?” ಎಂದೆ.

“ನಿಲ್ಲಿಸಬೇಕು,” ಎಂದು ಹೇಳಿ, ಹೋಗಿ ಬೆಂಚಿನ ಮೇಲೆ ಕುಳಿತರು.

ಅಷ್ಟರಲ್ಲಿ ಆರ್‌ಪಿಸಿ ಲೇಔಟಿನ ಆಂಟಿ ಏದುಸಿರು ಬಿಡುತ್ತ ಬಂದು, “ಟ್ರಾಫಿಕ್ಕಲ್ಲಿ ಸಿಕ್ಕೊಂಡೆ ಕಣ್ರೀ, ನನ್ನ ಅಳೋ ಪಾರ್ಟು ಮುಗಿದೋಯ್ತಾ?” ಎಂದು ಕೇಳಿದರು. ಅತ್ತಿಗೆ ಅವರಿಗೆ ಕೈಮುಗಿದು ಪಕ್ಕದಲ್ಲಿ ಕೂರಿಸಿಕೊಂಡರು. ಇಪ್ಪತ್ತು ನಿಮಿಷ ಕಳೆಯಿತು, ನಲವತ್ತೂ ಕಳೆಯಿತು. ಒಳಗಿದ್ದ ಪರೀಕ್ಷಕರೂ ಗಡಿಯಾರ ನೋಡಲಿಲ್ಲ.

ಬಾಗಿಲು ತೆರೆದಾಗ ಹುಡುಗಿಯ ಕಣ್ಣು ಕೆಂಪಾಗಿತ್ತು. “ಅಜ್ಜಿ ಭಾಳ ಛಲೋ ಆ್ಯಕ್ಟ್ ಮಾಡಿದ್ರು ಮ್ಯಾಮ್,” ಎಂದಳು. “ನಾ ಒಂದ್ ಮಾತೂ ಹೇಳಲಿಲ್ಲ. ಹೇಳಾಕ ಏನೂ ತಿಳೀಲೇ ಇಲ್ಲ.”

ಅತ್ತಿಗೆ ಅವಳನ್ನೂ ಪರೀಕ್ಷಕರನ್ನೂ ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿದರು. ಹುಡುಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟಳು. ನಾನು ಅಮ್ಮನ ಕೈಯಲ್ಲಿದ್ದ ಕಾಗದ ನೋಡಿದೆ. ಕಾಗದದ ತುಂಬ ನೀಲಿ, ನಡುವೆ ಒಂದು ಸೊಟ್ಟ ಬಾಗಿಲು. ಗೆರೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ, ಹಿಡಿಯೂ ಇರಲಿಲ್ಲ. ಅದು ಯಾವ ಬಾಗಿಲೆಂದು ನನಗೆ ಗೊತ್ತಿತ್ತು. ತಿದ್ದುವುದಕ್ಕೆ ಅದರಲ್ಲಿ ನನಗೇನೂ ಕಾಣಲಿಲ್ಲ.

ಮನೆಗೆ ಹೊರಟ ಆಟೋದಲ್ಲಿ ನಡುವೆ ಅಮ್ಮ, ಆಚೆ ಈಚೆ ನಾವಿಬ್ಬರು. ಸ್ವಲ್ಪ ದೂರ ಬಂದ ಮೇಲೆ ಅಮ್ಮ ತಾವಾಗಿಯೇ ಬಾಯಿ ಬಿಟ್ಟರು.

“ಆ ಹುಡುಗಿ ಪಾಸಾಗ್ತಾಳೇನೇ?”

“ಅದು ನನ್ನ ಕೈಲಿಲ್ಲ ಅತ್ತೆ.”

“ಪಾಪ, ಬಾಯೇ ಬಿಡಲಿಲ್ಲ. ಏನೂ ಓದ್ಕೊಂಡು ಬಂದಿರಲಿಲ್ಲ ಅಂತ ಕಾಣುತ್ತೆ. ಏನೋ ನೋಡಿ ಮಾರ್ಕ್ಸ್ ಹಾಕ್ಸು.”

ನನಗೆ ನಗು ಬಂತು. ಎಂಟು ತಿಂಗಳಲ್ಲಿ ಅಮ್ಮ ನಮ್ಮೆದುರಿಗೆ ಆಡಿದ ಅತಿ ಉದ್ದದ ಮಾತು ಅದು. ಅಮ್ಮ ನಗಲಿಲ್ಲ. ಅತ್ತಿಗೆಯ ಕಡೆಗೆ ತಿರುಗಿ, “ಒಳಗಿದ್ದವಳು ನೀನೊಬ್ಬಳೇ,” ಎಂದರು. “ಅವರು ಏನಾದ್ರೂ ಅಂದ್ರಾ?”

“ಹೇಳೋಣ ಅಂತ ಎರಡು ಸಲ ಬಂದೆ ಅತ್ತೆ. ನೀವು ಎದ್ದು ಒಳಗೆ ಹೋಗಿಬಿಟ್ರಿ. ಕೇಳಿದಾಗ ಹೇಳೋಣ ಅಂತ ಸುಮ್ಮನಾದೆ.”

“ಈಗ ಕೇಳ್ತಾ ಇದೀನಿ.”

“ಅವಳು ಕಾಫಿ ಕುಡಿದಳಾ ಅಂದ್ರು. ಕುಡಿಯೋಕೆ ಹೋಗಿದಾರೆ ಮಾವ ಅಂದೆ. ‘ಸದ್ಯ, ಎದ್ದಳಲ್ಲ’ ಅಂದ್ರು. ಅಷ್ಟೇ ಅತ್ತೆ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸೊಸೆಯ ಕೈಯನ್ನು ತೆಗೆದು ತಮ್ಮ ಮಡಿಲಿನಲ್ಲಿ ಇಟ್ಟುಕೊಂಡು ಕೇಳಿದರು.

“ಇಷ್ಟು ದಿನ ಇದನ್ನ ನೀನು ಯಾರ ಹತ್ರ ಹೇಳ್ಕೊಂಡೆ ಮಗಳೇ?”

ನಾಗರಬಾವಿಯ ಮಕ್ಕಳ ದುಃಖ, ಸೊಪ್ಪಿನವನ ದುಃಖ, ಹಿಂದಿನ ಕ್ರಾಸಿನವರ ದುಃಖ, ನನ್ನ ಹೆಡ್‌ಮಿಸ್ಸಿನ ದುಃಖ ಎಲ್ಲವನ್ನೂ ಕೇಳಿದವರನ್ನು ಈ ಮಾತು ನಾವ್ಯಾರೂ ಕೇಳಿರಲಿಲ್ಲ. ನಾನಂತೂ ಅವರನ್ನು ಬೈದಿದ್ದೆ. ಅತ್ತಿಗೆ ಅಮ್ಮನ ಭುಜಕ್ಕೆ ತಲೆಯಿಟ್ಟು, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿಬಿಕ್ಕಿ ಅಳತೊಡಗಿದರು. ಅಮ್ಮ ಸಮಾಧಾನ ಹೇಳಲಿಲ್ಲ, ಸುಮ್ಮನೆ ಅವರ ತಲೆ ಸವರುತ್ತ ಕುಳಿತರು.

ಆಟೋ ಚಂದ್ರಾ ಲೇಔಟಿಗೆ ಬಂದಿತ್ತು. “ಲೆಫ್ಟಾ ಸಾರ್, ರೈಟಾ?” ಎಂದು ಡ್ರೈವರ್ ಕೇಳಿದರು. ಎಡಕ್ಕೆ ತಿರುಗಿದರೆ ನಮ್ಮ ಮನೆ.

“ಸೀದಾ ಹೋಗ್ತಾ ಇರಿ ಅಣ್ಣ,” ಎಂದೆ. “ನಿಧಾನಕ್ಕೆ ಹೋಗಿ.”